ನಲವತ್ತೈದು ವ್ಯಾಟ್‌ನ ಗಾಡಿ ಮತ್ತು ಇಂದಿನ ರಸ್ತೆ: ನನ್ನ ಅನುಭವ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕುಗಳ ತಯಾರಿಕೆಯನ್ನು ಆರಂಭಿಸಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ 250 ಒಂದನ್ನು ನಾನು ಪ್ರದರ್ಶನಕ್ಕೆಂದು ಒರೆಸಿ ನಿಲ್ಲಿಸದೆ, ಊರಿನ ಸಂಚಾರದ ನಡುವೆಯೇ ದಿನವೂ ಓಡಿಸುತ್ತೇನೆ. ಹಾಗೆ ಓಡಿಸಬೇಕಾದರೆ ಇಂದಿನ ಕೆಲವು ಉಪಕರಣಗಳು ಅದಕ್ಕೆ ಬೇಕಾಗುತ್ತವೆ. ಯಾವುದನ್ನು ಮೊದಲು ಜೋಡಿಸಿದೆ, ಯಾವುದನ್ನು ಬೇಡವೆಂದೆ, ಏಕೆ ಎಂಬುದನ್ನು ಹಳೆಯ ಗಾಡಿಯನ್ನು ಉಳಿಸಿಕೊಂಡಿರುವವರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ.

ಎಲ್ಲ ತೀರ್ಮಾನವೂ, ಎಂಜಿನ್ನಿನ ಜೊತೆ ತಿರುಗಿ ವಿದ್ಯುತ್ ಹುಟ್ಟಿಸುವ ಡೈನಮೋದಿಂದ ಶುರುವಾಗುತ್ತದೆ. ನನ್ನ ಗಾಡಿಯದು 6 ವೋಲ್ಟ್ ವ್ಯವಸ್ಥೆ. ಡೈನಮೋ ಕೊಡುವುದು ಹೆಚ್ಚೆಂದರೆ 45 ವ್ಯಾಟ್, ಅದೂ ಎಂಜಿನ್ ಚೆನ್ನಾಗಿ ತಿರುಗುತ್ತಿರುವಾಗ ಮಾತ್ರ. ಸಿಗ್ನಲ್ ಬಳಿ ಐಡ್ಲಿಂಗ್‌ನಲ್ಲಿ ನಿಂತಾಗ ಚಾರ್ಜಿಂಗ್ ನಿಂತುಹೋಗಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆಗ ಭಾರವೆಲ್ಲ ಬ್ಯಾಟರಿಯ ಮೇಲೆ. ಹೆಡ್‌ಲೈಟಿನ ಬಲ್ಬ್ 35 ವ್ಯಾಟ್, ಹಿಂದಿನ ದೀಪ 5 ವ್ಯಾಟ್, ಇದರ ಮೇಲೆ ಕಿಡಿ ಹುಟ್ಟಿಸುವ ಕಾಯಿಲ್‌ನ ಪಾಲು; ರಾತ್ರಿ ಇಷ್ಟಕ್ಕೇ ಲೆಕ್ಕ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಆದ್ದರಿಂದ ಉಳಿಯುವ ಅಲ್ಪ ವಿದ್ಯುತ್ತಿನಲ್ಲಿ ಮೊದಲ ಪಾಲನ್ನು, ನಾನೇನು ಮಾಡಲಿದ್ದೇನೆ ಎಂಬುದನ್ನು ರಸ್ತೆಯಲ್ಲಿರುವ ಇತರರಿಗೆ ತಿಳಿಸುವ ದೀಪಗಳಿಗೇ ಕೊಡಬೇಕೆಂದು ನಿಶ್ಚಯಿಸಿದೆ.

ನನ್ನ ಗಾಡಿಯಲ್ಲಿ ಇಂಡಿಕೇಟರ್ ಇರಲಿಲ್ಲ. ಕೈಸನ್ನೆ ಸಾಲದೇ ಎಂದು ಕೇಳುವ ಹಿರಿಯ ಸವಾರರಿದ್ದಾರೆ, ಅವರ ಕಾಲಕ್ಕೆ ಅದು ಸಾಕಾಗಿತ್ತು. ಆದರೆ ಬಲಗೈಯನ್ನು ಚಾಚಿದ ಕ್ಷಣದಲ್ಲಿ ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್ ಎರಡೂ ಕೈತಪ್ಪುತ್ತವೆ, ಉಳಿಯುವುದು ಕಾಲಿನ ಬ್ರೇಕ್ ಒಂದೇ. ಮೈಸೂರು ವೃತ್ತಗಳ ಊರು. ಕೆ.ಆರ್. ವೃತ್ತದಲ್ಲಾಗಲಿ, ಅರಮನೆಯ ಮೂಲೆಯಲ್ಲಿ ಹಲವು ರಸ್ತೆಗಳು ಕೂಡುವ ಜಯಚಾಮರಾಜ ಒಡೆಯರ್ ವೃತ್ತದಲ್ಲಾಗಲಿ, ಬಸ್ಸು, ಆಟೋ, ಟಾಂಗಾಗಳ ನಡುವೆ ಒಂದೇ ಕೈಯಲ್ಲಿ ಸುತ್ತುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ. ವೃತ್ತದೊಳಗೆ ಈಗಾಗಲೇ ಇರುವ ವಾಹನಕ್ಕೆ ಹೊರಗಿನಿಂದ ಬರುವವರು ದಾರಿ ಬಿಡಬೇಕು ಎಂಬುದು ನಿಯಮ. ಒಳಗಿರುವವನು ಎಲ್ಲಿ ಹೊರಬೀಳುತ್ತಾನೆ ಎಂಬುದು ಗೊತ್ತಾದರೆ ಮಾತ್ರ ಆ ನಿಯಮ ಸುಗಮವಾಗಿ ನಡೆಯುತ್ತದೆ. ಹಾಗಾಗಿ ಬಲಕ್ಕೆ ಹೋಗುವಾಗ ಬಲ ಇಂಡಿಕೇಟರ್ ಹಾಕಿಕೊಂಡೇ ಒಳಗೆ ಹೋಗಿ, ಹೊರಬೀಳುವ ರಸ್ತೆಗೆ ಮುಂಚಿನ ರಸ್ತೆಯನ್ನು ದಾಟಿದೊಡನೆ ಎಡಕ್ಕೆ ಬದಲಿಸುತ್ತೇನೆ. ಇದನ್ನು ಮಾಡುವವರು ನಮ್ಮೂರಿನಲ್ಲಿ ಕಡಿಮೆ. ಮಾಡಿದರೆ ಹೊರಗೆ ಕಾದು ನಿಂತವರಿಗೆ ಎಷ್ಟು ಅನುಕೂಲವೆಂಬುದನ್ನು ಅವರ ಗಾಡಿ ಮುಂದಕ್ಕೆ ಸರಿಯುವ ರೀತಿಯಲ್ಲಿಯೇ ನೋಡಬಹುದು.

ಹಳೆಯ ಬಗೆಯ 18 ವ್ಯಾಟ್‌ನ ಬಲ್ಬ್ ಹಾಕಿದರೆ, ಒಂದು ಪಕ್ಕದ ಎರಡು ದೀಪಗಳು ಹೊತ್ತಿದಾಗಲೆಲ್ಲ 36 ವ್ಯಾಟ್ ಬೇಕಾಗುತ್ತದೆ. ಅದು ನಮ್ಮ ಡೈನಮೋಗೆ ಆಗದ ಮಾತಾದ್ದರಿಂದ 6 ವೋಲ್ಟಿನ ಎಲ್‌ಇಡಿ ಬಲ್ಬ್‌ಗಳನ್ನೇ ಆರಿಸಿದೆ. ಆದರೆ ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲ್ಯಾಷರ್ ಕೆಲಸ ಮಾಡುವುದು ಬಲ್ಬ್ ಎಳೆಯುವ ಕರೆಂಟಿನ ಬಿಸಿಯಿಂದ. ಎಲ್‌ಇಡಿ ಎಳೆಯುವುದು ತೀರ ಕಡಿಮೆಯಾದ್ದರಿಂದ ದೀಪ ಮಿನುಗದೆ ಸುಮ್ಮನೆ ಉರಿಯುತ್ತ ನಿಲ್ಲುತ್ತದೆ. ಇದಕ್ಕೆ ಪ್ರತ್ಯೇಕ ಅರ್ತ್ ತಂತಿ (ಕರೆಂಟು ಬ್ಯಾಟರಿಗೆ ಮರಳುವ ದಾರಿ) ಇರುವ, 6 ವೋಲ್ಟಿಗೆ ಹೊಂದುವ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಬೇಕು. ಕೊಳ್ಳುವಾಗ ವೋಲ್ಟ್ ಎಷ್ಟೆಂದು ಕೇಳಿಯೇ ಕೊಳ್ಳಬೇಕು, ಏಕೆಂದರೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 12 ವೋಲ್ಟಿನದು. ನನ್ನ ಗಾಡಿಯನ್ನು ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಒಬ್ಬರು, "ಸಾರ್, ಹಳೇ ಗಾಡೀಲಿ ಅರ್ಧ ಕಾಯಿಲೆ ಅರ್ತ್‌ನಲ್ಲೇ ಇರುತ್ತೆ" ಎನ್ನುತ್ತಾರೆ. ಅವರ ಮಾತಿನಂತೆ ಪ್ರತಿ ದೀಪಕ್ಕೂ ಬೇರೆಯದೇ ಅರ್ತ್ ತಂತಿಯನ್ನು ಎಳೆದು, ಚಾಸಿಯ ಮೇಲೆ ಬಣ್ಣ ಕೆರೆದ ಒಂದೇ ಜಾಗದಲ್ಲಿ ಬೋಲ್ಟ್ ಹಾಕಿ ಬಿಗಿದೆ. 6 ವೋಲ್ಟಿನಲ್ಲಿ ಅರ್ಧ ವೋಲ್ಟ್ ತುಕ್ಕಿನಲ್ಲಿ ಹೋದರೂ ದೀಪ ಮಂಕಾಗುವುದು ಕಣ್ಣಿಗೆ ಕಾಣುತ್ತದೆ.

ಎರಡನೆಯ ಪಾಲು ಮೊಬೈಲ್ ಚಾರ್ಜರ್‌ಗೆ. ಯುಎಸ್‌ಬಿಗೆ ಬೇಕಾದದ್ದು 5 ವೋಲ್ಟ್ ತಾನೇ, 6 ವೋಲ್ಟಿನಿಂದ ಇಳಿಸಿದರಾಯಿತು ಎಂದು ತೋರಬಹುದು. ಆದರೆ ಸಾಮಾನ್ಯ ಚಾರ್ಜರ್‌ಗಳು 12 ವೋಲ್ಟಿಗೆಂದು ಮಾಡಿದವು. ನಮ್ಮ ವ್ಯವಸ್ಥೆಯೋ ಓಡುವಾಗ 7 ವೋಲ್ಟ್ ದಾಟಿ, ನಿಂತಾಗ 6ಕ್ಕಿಂತ ಕೆಳಗೆ ಕುಸಿಯುತ್ತದೆ. ಆದ್ದರಿಂದ ವೋಲ್ಟನ್ನು ಏರಿಸಲೂ ಇಳಿಸಲೂ ಬಲ್ಲ ಬಕ್-ಬೂಸ್ಟ್ ಮಾಡ್ಯೂಲ್ ಒಂದನ್ನು ಸೀಟಿನ ಕೆಳಗೆ ಕೂರಿಸಿ, ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿ, ಹಗಲಿನಲ್ಲಷ್ಟೇ ಬಳಸಲು ಬೇರೆ ಸ್ವಿಚ್ ಇಟ್ಟೆ. ಫೋನನ್ನು ಹ್ಯಾಂಡಲ್ ಮೇಲೆ ಕೂರಿಸಿದರೂ ದಾರಿಯನ್ನು ಹೊರಡುವ ಮುನ್ನವೇ ನೋಡಿಕೊಳ್ಳುತ್ತೇನೆ. 2020ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ ವಾಹನ ಓಡಿಸುವಾಗ ಫೋನನ್ನು ದಾರಿ ತಿಳಿಯಲಷ್ಟೇ, ಅದೂ ಗಮನ ಕದಡದಂತೆ ಬಳಸಬಹುದು. ಬೈಕ್ ಎಂಜಿನ್ನಿನ ಕಂಪನದಿಂದ ಫೋನ್ ಕ್ಯಾಮೆರಾದೊಳಗಿನ ಸೂಕ್ಷ್ಮ ಭಾಗಗಳು ಕೆಡಬಹುದೆಂದು ಆಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿತು. ಹ್ಯಾಂಡಲ್ ಮೇಲೆ ಇರುವುದು ನನ್ನ ಹಳೆಯ ಫೋನು.

ಹೆಲ್ಮೆಟ್‌ನೊಳಗೆ ಹಾಡು ಕೇಳುವ ಬ್ಲೂಟೂತ್ ಸಾಧನವನ್ನು ನಾನು ಹಾಕಿಕೊಂಡಿಲ್ಲ; ಎಂಜಿನ್ನಿನ ದನಿ ಕಿವಿಗೆ ಬೀಳುತ್ತಿರಬೇಕು. ಯೆಜ್ಡಿಯಂಥ ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಎಂಜಿನ್ ಎಣ್ಣೆಯಿಲ್ಲದೆ ಒಣಗಿ ಜಾಮ್ ಆಗುವ ಅಪಾಯವಿದೆ. ಆಗಾಗ ತುಸು ಆಕ್ಸಿಲರೇಟರ್ ಕೊಡುತ್ತ, ಅದರ ದನಿ ಕೇಳುತ್ತಲೇ ಇಳಿಯಬೇಕು. ಎದುರಿನವರ ಕಣ್ಣು ಕುಕ್ಕುವ ಹೆಚ್ಚುವರಿ ದೀಪಗಳನ್ನೂ ಅಬ್ಬರದ ಸೈಲೆನ್ಸರನ್ನೂ ನಾನು ಬಯಸಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಪರಿಚ್ಛೇದ ಮನಬಂದಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ ಎಂಬುದು ಒಂದು ಕಾರಣ; ಎರಡು ಸೈಲೆನ್ಸರ್‌ಗಳಿಂದ ಹೊರಡುವ ಮೂಲ ದನಿಗಿಂತ ಚೆಂದದ್ದು ಇನ್ನೊಂದಿಲ್ಲವೆಂಬುದು ಅದಕ್ಕಿಂತ ದೊಡ್ಡ ಕಾರಣ.

ಮಂಡ್ಯಕ್ಕೆ ಹೋಗುವಾಗ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ನಿಷೇಧವಿರುವುದರಿಂದ, ಸರ್ವಿಸ್ ರಸ್ತೆಯಲ್ಲೇ ಸಾಗುತ್ತೇನೆ. ಅನೇಕ ಗೆಳೆಯರು ಈ ನಿಷೇಧವನ್ನು ಬೇಸರದಿಂದ ನೋಡುತ್ತಾರೆ. ಆದರೆ ನೂರರ ವೇಗದ ಕಾರುಗಳ ಪಕ್ಕದಲ್ಲಿ ಡ್ರಮ್ ಬ್ರೇಕಿನ ಗಾಡಿಗೆ ಜಾಗವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಗಾಡಿಗಳೂ ಎದುರು ದಿಕ್ಕಿನಿಂದ ಬರುವವರೂ ಇರುತ್ತಾರೆ. ಸಂಜೆಯಾದ ಮೇಲೆ ಅಲ್ಲಿ ನಿಧಾನವೇ ಸರಿ.

ಡೈನಮೋವನ್ನೂ, ಕಿಡಿಯ ಸಮಯ ನಿಯಂತ್ರಿಸುವ ಪಾಯಿಂಟನ್ನೂ ತೆಗೆದು 12 ವೋಲ್ಟಿನ ಎಲೆಕ್ಟ್ರಾನಿಕ್ ಕಿಟ್ ಹಾಕಿಬಿಡಿ, ಈ ಲೆಕ್ಕಾಚಾರವೇ ಬೇಡ ಎಂದು ಸಲಹೆ ಕೊಡುವವರಿದ್ದಾರೆ. ಅದು ಒಳ್ಳೆಯ ದಾರಿಯೇ, ರಾತ್ರಿ ಹೆಚ್ಚು ಓಡಿಸುವವರು ಅದನ್ನೇ ಹಿಡಿಯಲಿ. ನನ್ನ ಓಡಾಟ ಬಹುಪಾಲು ಹಗಲಿನದು, ಡೈನಮೋದ ಕಾರ್ಬನ್ ಬ್ರಷ್ ಇನ್ನೂ ದೊರೆಯುತ್ತಿದೆ. ಅದರೊಳಗೆ ತಿರುಗುವ ತಂತಿಸುರುಳಿಯಾದ ಆರ್ಮೇಚರ್ ಸುಟ್ಟು ಮತ್ತೆ ಸುತ್ತಿಸಲಾಗದ ಸ್ಥಿತಿ ಬಂದಾಗ ಆ ಕಿಟ್ ತರಿಸುವುದೆಂದು ನಿರ್ಧರಿಸಿದ್ದೇನೆ.