ಅಂತರ್ಜಲದ ಮೇಲೆ ತೇಲುವ ಡೀಸೆಲ್ ತೆಗೆಯಲು ಹೀರುಚೀಲ ಇಳಿಸುವ ಕ್ರಮ

ಟ್ಯಾಂಕು ಸೋರಿ ನೆಲಕ್ಕಿಳಿದ ಡೀಸೆಲ್ ನೀರಿಗಿಂತ ಹಗುರ. ಹಾಗಾಗಿ ಅಂತರ್ಜಲದ ಮೇಲೆ ಪದರವಾಗಿ ನಿಲ್ಲುತ್ತದೆ. ಹೀರುಚೀಲ ಎಂದರೆ ಎಣ್ಣೆ ಹೀರುವ ಉದ್ದನೆಯ ಚೀಲ; ನೆಲಕ್ಕೆ ಕೊರೆದ ಬಾವಿಯ ಕೊಳವೆಯೊಳಗೆ ಹಗ್ಗದಲ್ಲಿ ಇಳಿಸುವಂಥದ್ದು. ಅದು ತೆಗೆಯುವುದು ಈ ಪದರವನ್ನು ಮಾತ್ರ. ನೀರಿನಲ್ಲಿ ಕರಗಿದ ಬೆಂಜೀನ್ ಎಂಬ ವಿಷಕಾರಿ ಅಂಶ ಚೀಲಕ್ಕೆ ಸಿಗದು. ಬೆಂಜೀನ್ ತೆಗೆಯಲು ನೀರನ್ನು ಮೇಲೆತ್ತಿ ಸಕ್ರಿಯ ಇಂಗಾಲದಲ್ಲಿ ಹಾಯಿಸಬೇಕು. ಚೀಲ ಹಾಕಿದ್ದೇವೆ, ಇನ್ನು ನೀರು ಕುಡಿಯಬಹುದು ಎಂದು ದಯವಿಟ್ಟು ಯಾರಿಗೂ ಹೇಳಬೇಡಿ.

ಮೊದಲು ಅಳತೆ. ಎಣ್ಣೆ ಮತ್ತು ನೀರನ್ನು ಬೇರೆಬೇರೆಯಾಗಿ ಗುರುತಿಸುವ ಇಂಟರ್‌ಫೇಸ್ ಮೀಟರ್ ಇಳಿಸಿ, ಎಣ್ಣೆ ಎಲ್ಲಿ ಶುರು, ನೀರು ಎಲ್ಲಿ ಶುರು ಎಂದು ಬರೆದಿಡಿ. 5 ಸೆಂ.ಮೀ. ಒಳವ್ಯಾಸದ ಕೊಳವೆಯಲ್ಲಿ 1 ಸೆಂ.ಮೀ. ಪದರ ಎಂದರೆ ಸುಮಾರು 20 ಮಿ.ಲೀ. ಎಣ್ಣೆ, 10 ಸೆಂ.ಮೀ. ಕೊಳವೆಯಲ್ಲಿ ಸುಮಾರು 78 ಮಿ.ಲೀ. ಪದರ ಗೇಣುದ್ದ ಇದ್ದರೆ ಮೊದಲು ಹಗ್ಗದಲ್ಲಿ ಇಳಿಸಿ ಮೊಗೆಯುವ ಸಣ್ಣ ಪಾತ್ರೆಯಾದ ಬೇಲರ್‌ನಿಂದ ಮೊಗೆದು ತೆಗೆಯಿರಿ. ದಪ್ಪ ಪದರಕ್ಕೆ ಚೀಲ ಬಿಟ್ಟರೆ ಅದು ಬೇಗ ತುಂಬಿ, ಉಳಿದ ದಿನವೆಲ್ಲ ಸುಮ್ಮನೆ ನೇತಾಡುತ್ತದೆ.

ಚೀಲ ಪಾಲಿಪ್ರೊಪಿಲೀನ್‌ನದ್ದೇ ಆಗಲಿ. ಅದು ಎಣ್ಣೆಯನ್ನು ಹಿಡಿಯುತ್ತದೆ, ನೀರನ್ನು ಹತ್ತಿರ ಸೇರಿಸುವುದಿಲ್ಲ. ಮರದ ಹೊಟ್ಟು, ಒಣಹುಲ್ಲು ನೀರನ್ನೂ ಕುಡಿದು ಮುಳುಗುತ್ತವೆ, ಕೊಳವೆಯೊಳಗೆ ಕೊಳೆಯುತ್ತವೆ. ಎಣ್ಣೆ ಕುಡಿದ ಚೀಲ ಉಬ್ಬುವುದರಿಂದ ಕೊಳವೆಗಿಂತ ಕನಿಷ್ಠ 1 ಸೆಂ.ಮೀ. ಸಣ್ಣದನ್ನು ಆರಿಸಿ. ಬಿಗಿಯಾದದ್ದು ಸಿಕ್ಕಿಹಾಕಿಕೊಂಡರೆ ಎಳೆಯುವಾಗ ಹರಿದು ಕೆಳಗೇ ಉಳಿದುಬಿಡುತ್ತದೆ.

ಒಣಚೀಲವನ್ನು ತೂಗಿ. ತೇಲದಂತೆ ತುದಿಗೆ ಸ್ಟೀಲ್ ಗುಂಡು ಕಟ್ಟಿ. ಹಗ್ಗಕ್ಕೆ ಗುರುತು ಹಾಕಿಕೊಂಡು, ಎಣ್ಣೆ ಪದರ ಚೀಲದ ನಡುಮಧ್ಯಕ್ಕೆ ಬರುವಂತೆ ಇಳಿಸಿ. ಸೋಲುವುದು ಹೆಚ್ಚಾಗಿ ಇಲ್ಲಿಯೇ. ಮಳೆ ಬಂದು ನೀರಿನ ಮಟ್ಟ ಒಂದು ಮೀಟರ್ ಏರಿದರೆ ಚೀಲ ಪೂರ್ತಿ ನೀರಿನೊಳಗೆ, ಎಣ್ಣೆ ಅದರ ಮೇಲೆ! ಮಟ್ಟ ಬದಲಾದಾಗೆಲ್ಲ ಹಗ್ಗದ ಉದ್ದ ಸರಿಪಡಿಸಲೇಬೇಕು.

ಮೊದಲ ವಾರ ದಿನ ಬಿಟ್ಟು ದಿನ ಮೇಲೆತ್ತಿ ನೋಡಿ. ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಕೊಳವೆಯ ಬಾಯಿಯಲ್ಲೇ ಹಿಡಿದು, ಆಮೇಲೆ ತೂಗಿ. ಒಣತೂಕ ಕಳೆದರೆ ಹೀರಿದ ಎಣ್ಣೆಯ ಲೆಕ್ಕ ಸಿಗುತ್ತದೆ. ಡೀಸೆಲ್ ಲೀಟರಿಗೆ ಸುಮಾರು 0.84 ಕೆ.ಜಿ. ತೂಗುತ್ತದೆ. ಎಣ್ಣೆಯ ಕಲೆ ತುದಿಯವರೆಗೆ ಏರಿದ್ದರೆ ಚೀಲ ತುಂಬಿದೆ, ಬದಲಿಸಿ. ಹೊರಮೈ ಕಿತ್ತಳೆ ಬಣ್ಣದ ಲೋಳೆಯಿಂದ ಮುಚ್ಚಿದ್ದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ತೂಕ ಏರದಿದ್ದರೂ ಆ ಚೀಲ ಸತ್ತಂತೆಯೇ. ಹಿಂಡಿ ಮತ್ತೆ ಇಳಿಸಬೇಡಿ. ಸೋಪಿನ ನೀರನ್ನಂತೂ ಕೊಳವೆಗೆ ಸುರಿಯಲೇಬೇಡಿ, ಎಣ್ಣೆ ಸಣ್ಣ ಹನಿಗಳಾಗಿ ಒಡೆದು ಹಾಲಿನಂತೆ ನೀರಿಗೆ ಬೆರೆತರೆ ಯಾವ ಚೀಲವೂ ಅದನ್ನು ಹಿಡಿಯದು.

ಕೊಳವೆಯ ಹತ್ತಿರ, ಅದರಲ್ಲೂ ಪೆಟ್ರೋಲ್ ಕೂಡ ಸೋರಿದಲ್ಲಿ, ಬೆಂಕಿ, ಕಿಡಿ, ಮೊಬೈಲ್ ಬೇಡ. ಕೈಗೆ ನೈಟ್ರೈಲ್ ಗವಸು ಇರಲಿ. ತೆಗೆದ ಚೀಲಗಳು ಮುಚ್ಚಳವಿರುವ ಕಬ್ಬಿಣದ ಡ್ರಮ್ಮಿಗೆ, ಅಲ್ಲಿಂದ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ.

ಪದರ ಕಾಣದಾದಾಗ ಚೀಲ ತೆಗೆದು ಒಂದು ತಿಂಗಳು ಬಿಟ್ಟು, ಆಮೇಲೆ ಮೀಟರ್ ಇಳಿಸಿ. ಮಣ್ಣಿನ ಸಂದಿಗಳಲ್ಲಿ ಸಿಕ್ಕಿಕೊಂಡ ಎಣ್ಣೆ ನಿಧಾನವಾಗಿ ಕೊಳವೆಗೆ ಬರುತ್ತದೆ. ಮತ್ತೆ ಪದರ ಕಂಡರೆ ಮತ್ತೊಂದು ಒಣಚೀಲ ತೂಗಿ.