ಇಟಾಲಿಯನ್ ಕ್ರಿಯಾಪದ: ಬಾಲ ಬದಲಿಸುವ ಕ್ರಮ

'ನಾಳೆ ಬರ್ತೀನಿ' ಅಂದರೆ ಸಾಕು, 'ನಾನು' ಅಂತ ಬೇರೆ ಹೇಳಬೇಕಿಲ್ಲ. ಇಟಾಲಿಯನ್ ಕೂಡ ಹಾಗೇ. ಯಾರು ಅನ್ನೋದನ್ನು ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ. ಇಂಗ್ಲಿಷ್ ದಾರಿಯಲ್ಲಿ ಹೋಗಿ ಪ್ರತಿ ವಾಕ್ಯಕ್ಕೂ 'ಇಯೊ' (ನಾನು) ಅಂಟಿಸಬೇಡಿ. ಕನ್ನಡದ ಅಭ್ಯಾಸವನ್ನೇ ನಂಬಿ. ಸದ್ಯಕ್ಕೆ ವರ್ತಮಾನಕಾಲ ಸಾಕು.

ಮೊದಲು ಗುಂಪು ಗುರುತಿಸಿ. ನಿಘಂಟಿನಲ್ಲಿ ನಿಯಮಿತ ಕ್ರಿಯಾಪದಗಳು -ಆರೆ, -ಎರೆ, -ಇರೆ ಎಂದು ಮುಗಿಯುತ್ತವೆ: ಪಾರ್ಲಾರೆ (ಮಾತಾಡು), ವೆಂದೆರೆ (ಮಾರು), ದೊರ್ಮೀರೆ (ನಿದ್ದೆ ಮಾಡು). -ಆರೆ ಗುಂಪೇ ಎಲ್ಲಕ್ಕಿಂತ ದೊಡ್ಡದು. ಕಂಪ್ಯೂಟರ್ ಜೊತೆ ಬಂದ 'ಕ್ಲಿಕ್ಕಾರೆ'ಯಂಥ ಹೊಸ ಪದಗಳೂ ಅಲ್ಲಿಗೇ ಸೇರುತ್ತವೆ. ಹಾಗಾಗಿ ಅದರಿಂದಲೇ ಶುರು ಮಾಡಿ.

ಈಗ ಬಾಲ ಕತ್ತರಿಸಿ, ಹೊಸದನ್ನು ಜೋಡಿಸಿ:

ನಾನು – ಪಾರ್ಲೊ
ನೀನು – ಪಾರ್ಲಿ
ಅವನು, ಅವಳು – ಪಾರ್ಲ
ನಾವು – ಪಾರ್ಲಿಯಾಮೊ
ನೀವು (ಹಲವರು) – ಪಾರ್ಲಾತೆ
ಅವರು (ಹಲವರು) – ಪಾರ್ಲನೊ

ಗಂಡು, ಹೆಣ್ಣಿಗೆ ಇಲ್ಲಿ ಬೇರೆ ಬಾಲವಿಲ್ಲ. ಅಷ್ಟರಮಟ್ಟಿಗೆ ಕನ್ನಡಕ್ಕಿಂತ ಸುಲಭ. ಕಷ್ಟ ಇರೋದು ಮರ್ಯಾದೆಯಲ್ಲಿ. ನಾವು ಹಿರಿಯರೊಬ್ಬರಿಗೆ ಬಹುವಚನ ಬಳಸುತ್ತೇವೆ. ಇಟಲಿಯಲ್ಲಿ ಗೌರವಕ್ಕೆ ಸಾಮಾನ್ಯವಾಗಿ 'ಲೇಯಿ' ಅನ್ನುತ್ತಾರೆ, ಕ್ರಿಯಾಪದ ಮಾತ್ರ 'ಅವಳು' ರೂಪದಲ್ಲೇ ಇರುತ್ತದೆ. ಅಂಗಡಿಯವರನ್ನು 'ಪಾರ್ಲ ಇಂಗ್ಲೇಸೆ?' ಎಂದು ಕೇಳಿದರೆ 'ನೀವು ಇಂಗ್ಲಿಷ್ ಮಾತಾಡ್ತೀರಾ?' ಎಂದೇ ಅರ್ಥ.

ಉಳಿದ ಎರಡು ಗುಂಪಿಗೆ ಬಾಯಿಪಾಠ ಕಡಿಮೆ. ನಾನು, ನೀನು, ನಾವು ಈ ಮೂರೂ ಬದಲಾಗುವುದಿಲ್ಲ. 'ಅವನು' ರೂಪ -ಎ ಆಗುತ್ತದೆ: ವೆಂದೆ, ದೊರ್ಮೆ. 'ಅವರು' -ಒನೊ: ವೆಂದೊನೊ, ದೊರ್ಮೊನೊ. 'ನೀವು' ಮಾತ್ರ ಆಯಾ ಗುಂಪಿನ ಸ್ವರವನ್ನೇ ಉಳಿಸಿಕೊಳ್ಳುತ್ತದೆ: ವೆಂದೇತೆ, ದೊರ್ಮೀತೆ.

ಇನ್ನು ಉಚ್ಚಾರಣೆ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 'ಪಾರ್ಲನೊ' ಅನ್ನುವಾಗ ಒತ್ತು 'ಪಾ' ಮೇಲೆ ಬೀಳಬೇಕು. 'ಪಾರ್ಲಾನೊ' ಎಂದು ಎಳೆದರೆ ತಪ್ಪು. 'ಅವನು' ರೂಪದಲ್ಲಿ ಒತ್ತು ಎಲ್ಲಿದೆಯೋ 'ಅವರು' ರೂಪದಲ್ಲೂ ಅಲ್ಲೇ.

-ಇರೆ ಗುಂಪಿನ ಬಹಳಷ್ಟು ಪದಗಳಲ್ಲಿ ನಡುವೆ ಒಂದು ತುಂಡು ಜಾಸ್ತಿ ಬರುತ್ತದೆ. ಕಪೀರೆ (ಅರ್ಥ ಮಾಡಿಕೊ) ನೋಡಿ: ಕಪೀಸ್ಕೊ, ಕಪೀಶಿ, ಕಪೀಶೆ, ಕಪಿಯಾಮೊ, ಕಪೀತೆ, ಕಪೀಸ್ಕೊನೊ. 'ನಾವು', 'ನೀವು' ರೂಪಗಳಲ್ಲಿ ಆ ತುಂಡು ಇಲ್ಲ, ಗಮನಿಸಿದಿರಾ? ಯಾವ ಪದ ದೊರ್ಮೀರೆಯಂತೆ, ಯಾವುದು ಕಪೀರೆಯಂತೆ ಎಂದು ನಿಘಂಟು ನೋಡಿಯೇ ತಿಳಿಯಬೇಕು. ಹೊಸ ಪದ ಬರೆದುಕೊಳ್ಳುವಾಗಲೇ ಪಕ್ಕದಲ್ಲಿ 'ನಾನು' ರೂಪವನ್ನೂ ಬರೆದಿಡಿ. 'ನೊನ್ ಕಪೀಸ್ಕೊ' (ನನಗೆ ಅರ್ಥವಾಗುತ್ತಿಲ್ಲ) ಮೊದಲ ದಿನವೇ ಬೇಕಾಗುವ ಮಾತು.

ಅಭ್ಯಾಸಕ್ಕೆ ಲವೊರಾರೆ (ಕೆಲಸ ಮಾಡು), ಪಾರ್ತೀರೆ (ಹೊರಡು) ಒಳ್ಳೆಯವು. ಆರೂ ರೂಪಗಳನ್ನು ಜೋರಾಗಿ ಹೇಳಿ, ಆಮೇಲೆ ವಾಕ್ಯ ಕಟ್ಟಿ: 'ಇಲ್ ತ್ರೇನೊ ಪಾರ್ತೆ ಅಲ್ಲೆ ಒತ್ತೊ', ರೈಲು ಎಂಟಕ್ಕೆ ಹೊರಡುತ್ತದೆ. ಎಸ್ಸೆರೆ (ಇರು), ಆಂದಾರೆ (ಹೋಗು) ಈ ನಿಯಮಕ್ಕೆ ಸಿಗುವುದಿಲ್ಲ. ಅವನ್ನು ಬೇರೆಯಾಗಿಯೇ ಕಲಿಯಬೇಕು.