ಬೋರು ಅಂತ ಬರೆದರೆ ಬೈತೀರಾ ಮಿಸ್?

ಮೇಜಿನ ಮೇಲೆ 31 ಚೀಟಿಗಳಿದ್ದವು. ಒಂದೊಂದೇ ಬಿಡಿಸಿ ಓದಿದೆ. "ಈ ಪುಸ್ತಕ ತುಂಬಾ ಚೆನ್ನಾಗಿದೆ. ಇದರಿಂದ ಒಳ್ಳೆಯ ನೀತಿ ತಿಳಿಯುತ್ತದೆ. ಎಲ್ಲರೂ ಓದಬೇಕು." ಮುಂದಿನದೂ ಅದೇ. ಅದರ ಮುಂದಿನದೂ ಅದೇ. ಕೈಬರಹ ಬೇರೆ, ಪುಸ್ತಕ ಬೇರೆ, ಅಭಿಪ್ರಾಯ ಮಾತ್ರ ಎಲ್ಲರದೂ ಒಂದೇ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಮಕ್ಕಳು ಪಾಠದ ಪುಸ್ತಕ ಬಿಟ್ಟು ಬೇರೆ ಏನಾದರೂ ಓದಬೇಕು, ಓದಿದ್ದರ ಬಗ್ಗೆ ಅವರಿಗೆ ಅನ್ನಿಸಿದ್ದನ್ನು ಹೇಳಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಅದಕ್ಕಾಗಿ ಒಂದು ಹಾಳೆ ತಯಾರಿಸಿದ್ದೆ. ಪುಸ್ತಕದ ಹೆಸರು, ಬರೆದವರು, ಸಾರಾಂಶ, ನೀತಿ, ಕೊನೆಗೆ ನಿನ್ನ ಅಭಿಪ್ರಾಯ. ಮಕ್ಕಳಿಗೆ ಅದು ಪ್ರಶ್ನೆಪತ್ರಿಕೆಯ ಹಾಗೆ ಕಂಡಿತು. ಪ್ರಶ್ನೆಪತ್ರಿಕೆಗೆ ಹೇಗೆ ಉತ್ತರ ಬರೆಯಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಮಿಸ್‌ಗೆ ಏನು ಬೇಕೋ ಅದನ್ನು ಬರೆದುಕೊಟ್ಟರು.

ಅವತ್ತು ಸಂಜೆ ಗಂಟೆ ಹೊಡೆದ ಮೇಲೆ ಐದನೇ ತರಗತಿಯ ಒಬ್ಬ ಹುಡುಗ ಬಾಗಿಲ ಹತ್ತಿರ ನಿಂತೇ ಇದ್ದ. ಏನೋ ಅಂದೆ. "ಮಿಸ್, ಬೋರು ಅಂತ ಬರೆದ್ರೆ ಬೈತೀರಾ?" ಅಂತ ಕೇಳಿದ. ಬೈಯಲ್ಲ, ಬರಿ ಅಂದೆ. ಮಾರನೇ ದಿನ ಹೊಸ ಚೀಟಿ ತಂದ. "ಈ ಪುಸ್ತಕ ಬೋರು. ಮೊಲ ಬರೀ ಮಾತಾಡ್ತದೆ. ಏನೂ ಮಾಡಲ್ಲ."

ಆ ಪುಸ್ತಕವನ್ನು ನಾನೇ ಕೂತು ಮತ್ತೆ ಓದಿದೆ. 16 ಪುಟ. ಮೊಲ ಮೊದಲ ಪುಟದಿಂದ ಕೊನೆಯವರೆಗೂ ಬುದ್ಧಿವಾದ ಹೇಳುತ್ತಲೇ ಇದೆ. ಹುಡುಗ ಹೇಳಿದ್ದು ಪೂರ್ತಿ ಸರಿ. ಏನು ಇಷ್ಟವಾಗಲಿಲ್ಲ, ಏತಕ್ಕೆ ಇಷ್ಟವಾಗಲಿಲ್ಲ ಅನ್ನುವುದನ್ನು ಮೂರು ಸಣ್ಣ ವಾಕ್ಯದಲ್ಲಿ ಹೇಳಿದ್ದ. ನನ್ನ ಹಾಳೆ ಅದನ್ನು ಹೇಳಲು ಬಿಟ್ಟಿರಲಿಲ್ಲ. ಆ ಹಾಳೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಅದಕ್ಕೂ ಮೊದಲು ಸರಿಮಾಡಬೇಕಾದ ಒಂದು ವಿಷಯ ಇತ್ತು. ಆಗ ಪುಸ್ತಕಗಳೆಲ್ಲ ಆಫೀಸ್ ರೂಮಿನ ಬೀರುವಿನಲ್ಲಿದ್ದವು. ಬೀಗ ಹಾಕಿರುತ್ತಿತ್ತು. ಬೇಕಾದಾಗ ನಾನು ಬೀಗ ತೆಗೆಸಿ, ಎಣಿಸಿ ತಂದು, ಒಬ್ಬೊಬ್ಬರ ಕೈಗೆ ಒಂದೊಂದು ಕೊಡುತ್ತಿದ್ದೆ. ತಾನು ಆರಿಸದ ಪುಸ್ತಕದ ಬಗ್ಗೆ ಮಗುವಿಗೆ ಅಭಿಪ್ರಾಯ ಎಲ್ಲಿಂದ ಬರಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕು ಅಂತ ಇದೆ. ಅದರಲ್ಲಿ ಕತೆ ಪುಸ್ತಕಗಳೂ ಇರಬೇಕು ಅಂತ ಬಿಡಿಸಿ ಹೇಳಿದೆ. ನಮ್ಮಲ್ಲಿ ಪುಸ್ತಕ ಇತ್ತು, ಮಕ್ಕಳ ಕೈಗೆ ಎಟುಕುತ್ತಿರಲಿಲ್ಲ ಅಷ್ಟೆ.

"ಹರಿದುಹೋದ್ರೆ ದಾಸ್ತಾನು ವಹಿಗೆ ಏನಂತ ಬರೆಯೋದು ಮೇಡಂ?" ಅಂತ ಹೆಡ್ ಮೇಷ್ಟ್ರು ಕೇಳಿದರು. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ, ಲೆಕ್ಕ ಕೊಡಬೇಕಾದವರು ಅವರೇ. ನಾನು ಎಸ್.ಆರ್. ರಂಗನಾಥನ್ ಅವರ ಮಾತು ಹೇಳಿದೆ. ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟವರು ಅವರು, 1931ರಲ್ಲಿ. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಲ್ಲೇ ಕಳೆದರು. ಅವರ ಮೊದಲನೇ ಸೂತ್ರವೇ ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು. ಹೆಡ್ ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ಮೊದಲು 40 ಪುಸ್ತಕ ತಗೊಂಡು ಹೋಗಿ ನೋಡಿ ಅಂದರು.

ತರಗತಿಯ ಗೋಡೆಗೆ ಎರಡು ಸಾಲು ದಾರ ಕಟ್ಟಿದೆವು, ಮಕ್ಕಳ ಎದೆಯ ಎತ್ತರಕ್ಕೆ. ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಪುಸ್ತಕಗಳನ್ನು ನೇತುಹಾಕಿದೆವು. ಮುಖಪುಟ ಪೂರ್ತಿ ಕಾಣಬೇಕು, ಅದು ಮುಖ್ಯ. ಸಣ್ಣ ಮಕ್ಕಳು ಪುಸ್ತಕ ಆರಿಸುವುದು ಮುಖಪುಟ ನೋಡಿಯೇ. ಹರಿದ ಪುಸ್ತಕಕ್ಕೆ ಶನಿವಾರ ಬೆಳಗಿನ ಶಾಲೆಯಲ್ಲಿ ರಿಪೇರಿ. ಮೈದಾ ಅಂಟು, ಹಳೇ ಕ್ಯಾಲೆಂಡರ್ ಹಾಳೆ, ಕತ್ತರಿ. ಪುಸ್ತಕಕ್ಕೆ ರಟ್ಟು ಅಂಟಿಸಿದ ಹುಡುಗ ಆ ಪುಸ್ತಕವನ್ನು ಯಾರು ಒಯ್ದರು ಅಂತ ವಾರಗಟ್ಟಲೆ ಕಣ್ಣಿಟ್ಟು ಕಾಯುತ್ತಿದ್ದ.

ಬರೆಯುವುದನ್ನು ಎರಡು ತಿಂಗಳು ಪೂರ್ತಿ ಬಿಟ್ಟೆವು. ಬರೀ ಮಾತು. ಇಂಗ್ಲೆಂಡಿನಲ್ಲಿ ಏಡನ್ ಚೇಂಬರ್ಸ್ ಅಂತ ಒಬ್ಬರಿದ್ದರು. ಶಿಕ್ಷಕರಾಗಿದ್ದವರು, ಆಮೇಲೆ ಮಕ್ಕಳಿಗಾಗಿ ಬರೆದವರು. ಮಕ್ಕಳ ಜೊತೆ ಪುಸ್ತಕದ ಬಗ್ಗೆ ಮಾತಾಡುವುದು ಹೇಗೆ ಅಂತ ಅವರು ಒಂದು ದಾರಿ ಹೇಳಿದ್ದಾರೆ. ಕತೆಯಲ್ಲಿ ನಿನಗೇನು ಇಷ್ಟ ಆಯಿತು, ಏನು ಇಷ್ಟ ಆಗಲಿಲ್ಲ, ಏನು ಅರ್ಥ ಆಗಲಿಲ್ಲ, ಮತ್ತೆ ಮತ್ತೆ ಬಂದದ್ದು ಏನಾದರೂ ಕಾಣಿಸಿತಾ. ಕೇಳುವುದು ಈ ನಾಲ್ಕೇ. ಇನ್ನೊಂದು ಮಾತೂ ಹೇಳುತ್ತಾರೆ, ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ. 'ಯಾಕೆ' ಅಂತ ಕೇಳಬೇಡಿ, 'ಹೇಳು' ಅನ್ನಿ ಅಂತ.

ನಮ್ಮ ತರಗತಿಯಲ್ಲಿ 'ಯಾಕೆ' ಅನ್ನುವ ಮಾತು ಯಾವಾಗ ಬರುತ್ತದೆ ಅಂತ ಒಂದು ವಾರ ಗಮನಿಸಿದೆ. ಯಾಕೆ ಲೇಟು? ಹೋಮ್‌ವರ್ಕ್ ಯಾಕೆ ಮಾಡಿಲ್ಲ? ಯಾಕೆ ಹಿಂದೆ ತಿರುಗಿ ನೋಡ್ತಿದೀಯ? ತಪ್ಪು ಮಾಡಿದಾಗಲೇ ಆ ಮಾತು ಮಕ್ಕಳ ಕಿವಿಗೆ ಬೀಳುವುದು. ಈ ಕತೆ ನಿನಗೆ ಯಾಕೆ ಇಷ್ಟ ಆಗಲಿಲ್ಲ ಅಂದರೆ ಮಗು ತಲೆ ತಗ್ಗಿಸುತ್ತದೆ. ಅದೇ ಮಗುವಿಗೆ "ಹೌದಾ, ಹೇಳು ನೋಡೋಣ" ಅಂದು ಸುಮ್ಮನೆ ಕೂತರೆ ಸಾಕು, ಮಾತು ಬರುತ್ತದೆ. ಸುಮ್ಮನೆ ಕೂರುವುದು ಕಷ್ಟದ ಕೆಲಸ. ಹತ್ತು ಸೆಕೆಂಡ್ ಮೌನ ಇದ್ದರೆ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಬೆರಳು ಮಡಚಿ ಎಣಿಸಿಕೊಂಡು ಕಲಿತೆ.

ಮೊದಲು ಮಾತಾಡಿದ್ದು ಎಲ್ಲರಿಗೂ ಗೊತ್ತಿದ್ದ ಕಾಗಕ್ಕ ಗುಬ್ಬಕ್ಕನ ಕತೆಯ ಬಗ್ಗೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆ ಬಂದು ಕಾಗಕ್ಕನ ಮನೆ ಕರಗಿ ಹೋಗುತ್ತದೆ. ಬಂದು ಬಾಗಿಲು ತಟ್ಟಿದರೆ ಗುಬ್ಬಕ್ಕ, ತಾಳು ಮಗೂಗೆ ಸ್ನಾನ ಮಾಡಿಸ್ತಿದೀನಿ, ತಾಳು ಹಾಲು ಕುಡಿಸ್ತಿದೀನಿ ಅನ್ನುತ್ತಲೇ ಇರುತ್ತದೆ. ಈ ಕತೆಯನ್ನು ನಾನು ಎಷ್ಟು ವರ್ಷದಿಂದ ಹೇಳಿದ್ದೇನೋ. ಮನೆ ಗಟ್ಟಿ ಕಟ್ಟಿಕೊಳ್ಳಬೇಕು, ಮುಂದಾಲೋಚನೆ ಇರಬೇಕು ಅಂತ ಪ್ರತಿ ಸಲ ಮುಗಿಸುತ್ತಿದ್ದೆ.

ಈ ಸಲ ಮುಗಿಸಲಿಲ್ಲ. "ಹೇಳಿ ನೋಡೋಣ" ಅಂದೆ. ಗುಬ್ಬಕ್ಕ ಮಾಡಿದ್ದು ಸರಿ, ಮನೇಲಿ ಮಗು ಇದ್ದಾಗ ಕೆಲಸ ಜಾಸ್ತಿ ಅಂದಳು ಒಬ್ಬಳು. ಅವಳಿಗೆ ತಮ್ಮ ಹುಟ್ಟಿ ಮೂರು ತಿಂಗಳಾಗಿತ್ತು. ಮಳೇಲಿ ನಿಂತವರಿಗೆ ಮೊದಲು ಬಾಗಿಲು ತೆಗೀಬೇಕು, ಹಾಲು ಆಮೇಲೆ ಕುಡಿಸಬಹುದು ಅಂತ ಇನ್ನೊಬ್ಬ. ಇಬ್ಬರ ಕಡೆಗೂ ಜನ ಸೇರಿದರು. ಗಲಾಟೆಯಾಯಿತು. ಆಮೇಲೆ ಹಿಂದಿನ ಸಾಲಿನ ಒಂದು ಹುಡುಗಿ ಮೆಲ್ಲಗೆ ಹೇಳಿದಳು. "ಮಿಸ್, ಕಾಗಕ್ಕನ ಹತ್ರ ಕಲ್ಲಿಗೆ ದುಡ್ಡಿರಲಿಲ್ಲ ಅನ್ಸುತ್ತೆ."

ತರಗತಿ ಸುಮ್ಮನಾಯಿತು. ಹಿಂದಿನ ಮಳೆಗಾಲದಲ್ಲಿ ಅವರ ಮನೆಯ ಹಿತ್ತಿಲ ಗೋಡೆ ಬಿದ್ದಿತ್ತು. ಅದು ಎಲ್ಲರಿಗೂ ಗೊತ್ತು. ಗುಬ್ಬಕ್ಕನ ಕಡೆ ಮಾತಾಡಿದ ಹುಡುಗಿಯೇ "ಹಂಗಾದ್ರೆ ಗುಬ್ಬಕ್ಕ ಬೇಗ ತೆಗೀಬೇಕಿತ್ತು" ಅಂದಳು. ನನಗೆ ಇಷ್ಟು ವರ್ಷ ಹೊಳೆಯದ ಪ್ರಶ್ನೆ ಅದು. ಆ ಕತೆಯನ್ನು ಮೊದಲಿನ ಹಾಗೆ ಹೇಳಲು ನನಗೆ ಈಗ ಆಗುವುದಿಲ್ಲ.

ಆಮೇಲೆ ಮಾತಿಗೆ ಬರ ಬರಲಿಲ್ಲ. ನಮ್ಮದು ತೆಂಗಿನ ಸೀಮೆ. ಒಂದು ಪುಸ್ತಕದಲ್ಲಿ ಎಳನೀರು ಕೀಳುವವನು ಇಡೀ ಗೊನೆಯನ್ನು ಮೇಲಿಂದ ಹಾಗೇ ಕೆಳಗೆ ಬೀಳಿಸುವ ಚಿತ್ರ ಇತ್ತು. "ಇದು ತಪ್ಪು ಮಿಸ್. ಒಡೆದುಹೋಯ್ತವೆ. ನಮ್ಮಪ್ಪ ಹಗ್ಗ ಕಟ್ಟಿ ಇಳುಸ್ತಾರೆ" ಅಂದ ಒಬ್ಬ. ಓದಿನಲ್ಲಿ ಹಿಂದೆ ಇದ್ದಾನೆ ಅಂತ ನಾವೆಲ್ಲ ಗುರುತಿಟ್ಟ ಹುಡುಗ ಅವನು. ಅಕ್ಷರ ಕೂಡಿಸಿ ಓದಲು ಇನ್ನೂ ತಡವರಿಸುತ್ತಾನೆ. ಆದರೆ ಚಿತ್ರವನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದ್ದ. ಅವತ್ತಿನಿಂದ ಓದಲು ಬರದ ಮಕ್ಕಳನ್ನೂ ಈ ಮಾತಿಗೆ ಸೇರಿಸಿಕೊಂಡೆ. ಜೋಡಿ ಮಾಡಿ ಕೂರಿಸುತ್ತೇನೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಚಿತ್ರ ನೋಡುತ್ತಾ ಕೇಳುತ್ತಾರೆ. ಅಭಿಪ್ರಾಯ ಇಬ್ಬರದೂ ಬೇಕು. ಎಳನೀರಿನ ಹುಡುಗ ಈಗ ತಾನೇ ಓದಬೇಕು ಅಂತ ಪುಸ್ತಕ ಕಿತ್ತುಕೊಳ್ಳುತ್ತಾನೆ.

ತಾಂಡಾದಿಂದ ಬರುವ ಒಂದು ಹುಡುಗಿ ಬಾಯಿ ಬಿಡುತ್ತಲೇ ಇರಲಿಲ್ಲ. ಮನೆಯಲ್ಲಿ ಲಂಬಾಣಿ ಮಾತು. ಮೊದಲು ನಿನ್ನ ಭಾಷೆಯಲ್ಲೇ ಹೇಳು, ನಿನ್ನ ಗೆಳತಿ ನಮಗೆ ಕನ್ನಡದಲ್ಲಿ ಹೇಳ್ತಾಳೆ ಅಂದೆ. ಹೇಳಿದಳು, ಕೈ ಆಡಿಸುತ್ತಾ, ಉದ್ದಕ್ಕೆ. ಒಂದು ದಿನ ಪುಸ್ತಕವನ್ನು ಮನೆಗೆ ಒಯ್ದು ಅಜ್ಜಿಗೆ ಆ ಕತೆಯನ್ನು ಲಂಬಾಣಿಯಲ್ಲಿ ಹೇಳಿ ಬಂದಳು. ಅಜ್ಜಿಯ ಅಭಿಪ್ರಾಯವನ್ನೂ ತಂದಿದ್ದಳು. ಈ ಕತೆಯಲ್ಲಿ ಎಲ್ಲರೂ ತಿಂತಾರೆ, ಅಡುಗೆ ಮಾಡಿದ್ದು ಯಾರು ಅಂತ ಬರೆದೇ ಇಲ್ಲ ಅಂದರಂತೆ ಅಜ್ಜಿ.

ಇಷ್ಟಾದ ಮೇಲೆ ಚೀಟಿ ಮತ್ತೆ ಶುರುವಾಯಿತು. ಈ ಸಲ ಚೀಟಿ ನನಗಲ್ಲ, ಆ ಪುಸ್ತಕವನ್ನು ಮುಂದೆ ಓದುವವರಿಗೆ. ಹಳೇ ನೋಟ್‌ಬುಕ್ಕಿನ ಅರ್ಧ ಹಾಳೆ. ಎರಡು ವಾಕ್ಯ ಸಾಕು. ಬರೆದು ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ ಲಕೋಟೆಯಲ್ಲಿ ಹಾಕುವುದು. ನಾನು ಕೆಂಪು ಪೆನ್ನು ಮುಟ್ಟುವುದಿಲ್ಲ ಅಂತ ಮಕ್ಕಳ ಮುಂದೆ ಮಾತು ಕೊಟ್ಟೆ. ಕನ್ನಡ ಶಿಕ್ಷಕಿಯಾಗಿ ನನಗೆ ಇದು ನಿಜವಾಗಿ ಕಷ್ಟವಾಯಿತು. ಒತ್ತಕ್ಷರ ಬಿಟ್ಟಿದ್ದು, ಹಕಾರ ಹೋಗಿದ್ದು ಕಣ್ಣಿಗೆ ಕುಕ್ಕುತ್ತದೆ. ಆ ತಪ್ಪುಗಳನ್ನು ಗುರುತಿಟ್ಟುಕೊಂಡು, ಬೇರೆ ಪೀರಿಯಡ್ಡಿನಲ್ಲಿ ಯಾರ ಹೆಸರೂ ಹೇಳದೆ ಬೋರ್ಡಿನ ಮೇಲೆ ಹೇಳಿಕೊಡುತ್ತೇನೆ. ಚೀಟಿ ಹಾಗೇ ಇರುತ್ತದೆ.

ಪುಸ್ತಕ ಇಷ್ಟ ಆಗದವರಿಗೆ ಒಂದೇ ಪ್ರಶ್ನೆ ಜಾಸ್ತಿ ಕೇಳುತ್ತೇನೆ. "ಸರಿ, ನಿನಗೆ ಇಷ್ಟ ಆಗಲಿಲ್ಲ. ಯಾರಿಗೆ ಇಷ್ಟ ಆಗಬಹುದು?" ಪ್ರತಿ ಪುಸ್ತಕಕ್ಕೂ ಅದರ ಓದುಗ ಇರುತ್ತಾನೆ ಅಂತ ರಂಗನಾಥನ್ ಅವರ ಇನ್ನೊಂದು ಸೂತ್ರ ಇದೆ. ಮಕ್ಕಳು ಅದನ್ನು ಬಹಳ ಚೆನ್ನಾಗಿ ಮಾಡುತ್ತಾರೆ. "ನನಗೆ ಬೇಜಾರಾಯ್ತು. ಪಾತ್ರೆ ಪಗಡ ಆಟ ಆಡೋರಿಗೆ ಚೆನ್ನಾಗಿರ್ತದೆ." "ರಾತ್ರಿ ಓದಬೇಡಿ. ಧೈರ್ಯ ಇರೋರು ಓದಿ." ಮೊಲ ಬರೀ ಮಾತಾಡುವ ಆ ಪುಸ್ತಕವಿದೆಯಲ್ಲ, ಅದನ್ನೂ ಇಷ್ಟಪಟ್ಟು ಓದುವವಳು ಒಬ್ಬಳು ಸಿಕ್ಕಳು, ನಾಲ್ಕನೇ ತರಗತಿಯವಳು. "ಮೊಲ ಮಾತಾಡೋದು ನಮ್ಮ ಅಜ್ಜಿ ಥರ. ನನಗೆ ಇಷ್ಟ" ಅಂತ ಬರೆದಿದ್ದಾಳೆ. ಬೋರು ಅಂತ ಬರೆದ ಹುಡುಗನ ಚೀಟಿಯೂ ಅದೇ ಲಕೋಟೆಯಲ್ಲಿದೆ.

ಒಂದು ತಪ್ಪು ನಾನು ಮಾಡಿದೆ, ಬೇರೆಯವರು ಮಾಡದಿರಲಿ ಅಂತ ಹೇಳುತ್ತಿದ್ದೇನೆ. ಒಂದು ಸಲ ಚೆನ್ನಾಗಿರುವ ಚೀಟಿಗೆ ಪೆನ್ನು ಬಹುಮಾನ ಕೊಟ್ಟೆ. ಭೂತದ ಕತೆಗೆ "ನನ್ನ ಕೂದಲು ನಿಂತವು" ಅಂತ ಬರೆದಿದ್ದ ಹುಡುಗಿಗೆ. ಮುಂದಿನ ವಾರ ಆನೆಯ ಕತೆ ಓದಿದವರಿಗೂ ಕೂದಲು ನಿಂತಿತು, ದೋಸೆಯ ಕತೆ ಓದಿದವರಿಗೂ ನಿಂತಿತು. ಮತ್ತೆ ಬಹುಮಾನ ಕೊಡಲಿಲ್ಲ. ಚೀಟಿ ಓದಿ ಯಾರಾದರೂ ಆ ಪುಸ್ತಕ ತೆಗೆದುಕೊಂಡರೆ, ಬರೆದವರಿಗೆ ಹೋಗಿ ಹೇಳಬೇಕು ಅನ್ನುವ ರೂಢಿ ಇಟ್ಟುಕೊಂಡಿದ್ದೇವೆ. "ನಿನ್ನ ಚೀಟಿ ನೋಡಿ ತಗೊಂಡೆ ಕಣೋ" ಅಂದಾಗ ಆ ಮುಖ ನೋಡಬೇಕು.

ಶಾಲೆಯ ಪುಸ್ತಕ ಮುಗಿಯುತ್ತಾ ಬಂದ ಮೇಲೆ ಮಕ್ಕಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಬಂದಾಗಿನಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಲಕೋಟೆಯ ವಿಷಯ ಕೇಳಿ ಅಲ್ಲಿನ ಮೇಲ್ವಿಚಾರಕರು ತಮ್ಮ ಮಕ್ಕಳ ಪುಸ್ತಕಗಳಿಗೂ ಅಂಟಿಸಿಕೊಂಡರು. ಈಗ ಪಕ್ಕದ ಊರಿನ ಮಕ್ಕಳ ಚೀಟಿ ನಮ್ಮವರಿಗೆ ಸಿಗುತ್ತದೆ. ಮುಖ ನೋಡದವರ ಜೊತೆ ಜಗಳವೂ ನಡೆಯುತ್ತದೆ, ಚೀಟಿಯಲ್ಲೇ.

ಹೊಸ ಪುಸ್ತಕಕ್ಕೆ ದುಡ್ಡು ಇಲ್ಲದಾಗ ಸ್ಟೋರಿವೀವರ್ ನೆರವಿಗೆ ಬಂತು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ತಾಣ. ಅಲ್ಲಿನ ಕತೆಗಳಿಗೆ ಮುಕ್ತ ಪರವಾನಗಿ ಇದೆ, ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಓದಿನ ಹಂತವನ್ನೂ ಬರೆದಿರುತ್ತಾರೆ. ಮೊದಲು ನಾನೇ ಆರಿಸಿ ಪ್ರಿಂಟ್ ಹಾಕಿಸುತ್ತಿದ್ದೆ. ಹೋದ ವಾರ ಆ ಕೆಲಸವನ್ನೂ ಮಕ್ಕಳಿಗೆ ಕೊಟ್ಟೆ. ಆರು ಜನ ನನ್ನ ಫೋನಿನ ಸುತ್ತ ಕೂತರು. ಒಂದೊಂದು ಕತೆಯ ಮೊದಲ ಎರಡು ಪುಟ ನೋಡುವುದು, ಮಾತಾಡುವುದು, ಬೇಕು ಬೇಡ ಹೇಳುವುದು. ಮೊಲದ ಪುಸ್ತಕಕ್ಕೆ ಬೋರು ಅಂದವನೇ ಲೆಕ್ಕ ಬರೆದುಕೊಂಡ. ಒಂದೂವರೆ ಗಂಟೆ ಬೇಕಾಯಿತು. ನನಗೆ ತುಂಬಾ ಹಿಡಿಸಿದ್ದ ಒಂದು ಕತೆಯನ್ನು ಐದು ಜನ ಬೇಡ ಅಂದರು, ಅದನ್ನು ಬಿಟ್ಟೆ. ಕೊನೆಗೆ ಹತ್ತು ಕತೆ ಉಳಿದವು. ನಿನ್ನೆ ಅರಸೀಕೆರೆಯಲ್ಲಿ ಪ್ರಿಂಟ್ ಹಾಕಿಸಿ, ಹೊಲಿಸಿಕೊಂಡು ಬಂದೆ. ಇವತ್ತು ಬೆಳಿಗ್ಗೆ ದಾರಕ್ಕೆ ಹಾಕಿದ್ದೇವೆ. ಬಿಸಿಯೂಟದ ಹೊತ್ತಿಗೆ ಹತ್ತೂ ಕ್ಲಿಪ್ಪು ಖಾಲಿ ಇದ್ದವು. ಮೊದಲ ಚೀಟಿಗಳು ಶನಿವಾರ ಬರುತ್ತವೆ.